ಐದನೇ ಹೆಸರಿಗೂ ಅಷ್ಟೇ ಬೆಲೆ

2024ರ ನವೆಂಬರ್‌ನಲ್ಲಿ ವಿಡಿಯೋ ಗೇಮ್‌ಗಳಿಗೆ ಪ್ರತಿ ವರ್ಷ ಕೊಡುವ ಪ್ರಶಸ್ತಿ ದಿ ಗೇಮ್ ಅವಾರ್ಡ್ಸ್‌ನ ನಾಮಿನೇಷನ್ ಪಟ್ಟಿ ಬಂದಾಗ ನಮ್ಮ ಸ್ಟುಡಿಯೋದ ಹುಡುಗರೆಲ್ಲ ಕೇಳಿದ್ದು ಒಂದೇ ಮಾತು: 'ಒಬ್ಬನೇ ಕೂತು ಮಾಡಿದ ಇಸ್ಪೀಟ್ ಗೇಮ್ ಅಲ್ಲಿಗೆ ಹೇಗೆ ಬಂತು?' ವರ್ಷದ ಗೇಮ್ ವಿಭಾಗದಲ್ಲಿ ಬ್ಲ್ಯಾಕ್ ಮಿಥ್: ವುಕಾಂಗ್, ಫೈನಲ್ ಫ್ಯಾಂಟಸಿಯಂಥ ದೈತ್ಯರ ಪಕ್ಕದಲ್ಲೇ ಆ ಇಸ್ಪೀಟ್ ಗೇಮ್, ಬಲಾಟ್ರೊ, ಕೂತಿತ್ತು.

ಈ ಪಟ್ಟಿಯನ್ನು ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು ಚರ್ಚಿಸಿ ಮಾಡುವುದಿಲ್ಲ. ನೂರಕ್ಕೂ ಹೆಚ್ಚು ಪತ್ರಿಕೆ, ವೆಬ್‌ಸೈಟ್‌ಗಳು ಪ್ರತಿ ವಿಭಾಗಕ್ಕೆ ಐದೈದು ಹೆಸರು ಬರೆದು ಕಳಿಸುತ್ತವೆ. ಮೊದಲನೆಯದು, ಎರಡನೆಯದು ಅಂತ ಕ್ರಮ ಇಲ್ಲ. ಹೆಚ್ಚು ಚೀಟಿಗಳಲ್ಲಿ ಕಾಣಿಸಿದ ಹೆಸರು ಒಳಗೆ ಬರುತ್ತದೆ, ಅಷ್ಟೇ. ನೂರು ಚೀಟಿ ಇವೆ ಅಂದುಕೊಳ್ಳಿ. ಮೂವತ್ತು ಕಡೆ ತಲೆ ಮೇಲೆ ಹೊತ್ತು ಮೆರೆಸಿದ ಗೇಮ್‌ಗೆ ಮೂವತ್ತೇ ಮತ. ಅರವತ್ತು ಕಡೆ 'ಇದೂ ಇರಲಿ' ಅಂತ ಕೊನೆಗೆ ಬರೆದ ಗೇಮ್‌ಗೆ ಅರವತ್ತು.

ಇನ್ನು ಬಲಾಟ್ರೊ ನೋಡಿ. ಕೈಯಲ್ಲಿ ಎರಡು ರಾಜ ಇದ್ದರೆ ಜೋಡಿ. ಜೋಡಿಗೆ ಹತ್ತು ಅಂಕ, ಎರಡು ರಾಜರಿಗೆ ಇಪ್ಪತ್ತು, ಒಟ್ಟು ಮೂವತ್ತು. ಜೋಡಿಯ ಗುಣಕ ಎರಡು, ಅದರಿಂದ ಗುಣಿಸಿದರೆ 60. ಪಕ್ಕದಲ್ಲಿ ಒಂದು ಸಾದಾ ಜೋಕರ್ ಇದ್ದರೆ ಆ ಗುಣಕ ನಾಲ್ಕು ಹೆಚ್ಚಿ ಆರಾಗುತ್ತದೆ. ಅದೇ ಜೋಡಿಗೆ 180! ಮೊದಲ ಸುತ್ತು ದಾಟಲು ಬೇಕಿರುವುದು 300. ಒಂದು ಎಲೆಯಿಂದ ಲೆಕ್ಕವೇ ತಿರುಗಿದ್ದು ಕಣ್ಣೆದುರಿಗೇ ಕಾಣುತ್ತದೆ ಅಲ್ವಾ? ಊಟದ ಬಿಡುವಿನಲ್ಲಿ ಆಡಬಹುದು. ವಾರಗಟ್ಟಲೆ ಕೂತು ಮುಗಿಸಬೇಕಾದ ಗೇಮ್ ಎಲ್ಲರ ಕೈಗೂ ಬರುವುದಿಲ್ಲ, ಇದು ಬರುತ್ತದೆ. ಹಾಗಾಗಿ ಎಲ್ಲರ ಚೀಟಿಗೂ ಬಂತು ಎನ್ನುವುದು ನನ್ನ ಅಂದಾಜು. ನನಗಂತೂ ತುಂಬಾ ಖುಷಿಯಾಯಿತು. ಡಿಸೆಂಬರ್‌ನಲ್ಲಿ ದೊಡ್ಡ ಪ್ರಶಸ್ತಿ ಆಸ್ಟ್ರೋ ಬಾಟ್‌ಗೆ ಹೋದರೂ ಬಲಾಟ್ರೊ ಮೂರು ಪ್ರಶಸ್ತಿ ಗೆದ್ದಿತು.

ಅದೇ ಪಟ್ಟಿಯಲ್ಲಿದ್ದ ಎಲ್ಡನ್ ರಿಂಗ್‌ನ ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅದು ಎಕ್ಸ್‌ಪ್ಯಾನ್ಷನ್, ಅಂದರೆ ಹಳೆಯ ಗೇಮ್‌ಗೆ ಆಮೇಲೆ ಸೇರಿಸಿದ ಭಾಗ. ಮೂಲ ಗೇಮ್ 2022ರಲ್ಲೇ ಇದೇ ಪ್ರಶಸ್ತಿ ಗೆದ್ದಿದೆ. ನಿಯಮದಲ್ಲಿ ಅವಕಾಶ ಇದೆ, ನಿಜ. ಆದರೆ ಬುನಾದಿಗೆ ಒಮ್ಮೆ ಬೆಲೆ ಕೊಟ್ಟಾಗಿದೆ. ಅದರ ಮೇಲೆ ಕಟ್ಟಿದ ಮಹಡಿ ಎಷ್ಟೇ ಚೆನ್ನಾಗಿರಲಿ, ಬುನಾದಿಯಿಂದ ಕಟ್ಟಿದವರ ಜೊತೆ ಅದನ್ನು ತೂಗುವುದು ಸರಿಯಲ್ಲ.

2023ರಲ್ಲಿ ಇನ್ನೂ ನೋವಾಗಿತ್ತು. ಡೇವ್ ದ ಡೈವರ್ ಒಳ್ಳೆಯ ಗೇಮ್, ನಾನೇ ರಾತ್ರಿ ಎಷ್ಟೋ ಹೊತ್ತು ಆಡಿದ್ದೇನೆ. ಅದನ್ನು ಮಾಡಿದ ಮಿಂಟ್‌ರಾಕೆಟ್ ದಕ್ಷಿಣ ಕೊರಿಯಾದಲ್ಲಿ ಶುರುವಾದ ದೊಡ್ಡ ಕಂಪನಿ ನೆಕ್ಸಾನ್‌ನದು. ಆದರೂ ಇಂಡೀ, ಅಂದರೆ ಸ್ವತಂತ್ರ ತಂಡಗಳ ಗೇಮ್‌ಗಳ ವಿಭಾಗಕ್ಕೆ ಬಂತು. ಪಿಕ್ಸೆಲ್ ಚಿತ್ರ ನೋಡಿ ಇಂಡೀ ಅಂದುಕೊಂಡರೆ ಹೀಗಾಗುತ್ತದೆ. ಇಂಡೀ ಅನ್ನುವುದು ಚಿತ್ರದ ಶೈಲಿಯಲ್ಲ, ತಿಂಗಳ ಸಂಬಳ ಯಾರ ಜೇಬಿನಿಂದ ಬರುತ್ತದೆ ಎನ್ನುವ ವಿಷಯ. ಆ ವಿಭಾಗದಲ್ಲಿದ್ದದ್ದು ಐದೇ ಜಾಗ. ಚೀಟಿಗಳು ಗುಟ್ಟಾಗಿಯೇ ಇರುತ್ತವೆ. ಆ ಒಂದು ಜಾಗ ಯಾವ ಪುಟ್ಟ ತಂಡದ ಕೈತಪ್ಪಿತು ಅನ್ನುವುದು ಆ ತಂಡಕ್ಕೂ ಗೊತ್ತಾಗುವುದಿಲ್ಲ.