ಟೆಸ್ಟ್ ಎಲ್ಲ ಪಾಸ್, ಪೆನ್ ಡ್ರೈವ್‌ಗೆ ಹಾಕಿದರೆ ಮಾತ್ರ ಎರರ್. ಯಾಕೆ?

ಪ್ರಶ್ನೆ: ಫೈಲ್‌ಗಳನ್ನು ಮೂವ್ ಮಾಡುವ ಕಮಾಂಡ್ ಲೈನ್ ಟೂಲ್ ಒಂದನ್ನು ಲಿನಕ್ಸ್‌ಗೆ ಬರೆದಿದ್ದೇನೆ. ಟೆಸ್ಟ್‌ಗಳೆಲ್ಲ ಪಾಸ್ ಆಗುತ್ತವೆ. ಪೆನ್ ಡ್ರೈವ್‌ಗೆ ಮೂವ್ ಮಾಡಿದರೆ ಎರರ್ ಬರುತ್ತದೆ. ಟೆಸ್ಟ್‌ನಲ್ಲಿ ಏನು ಬಿಟ್ಟುಹೋಗಿದೆ?

ಉತ್ತರ: ನಿಮ್ಮ ಟೆಸ್ಟ್‌ಗಳು ಬಹುಶಃ ಒಂದೇ ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಒಳಗೆ ಓಡುತ್ತಿವೆ. ಅಲ್ಲಿ ಮೂವ್ ಅಂದರೆ ಬರೀ ರೀನೇಮ್. ಡೇಟಾ ಕದಲುವುದೇ ಇಲ್ಲ. ಹಾಗಾಗಿ 50 ಜಿಬಿ ಫೈಲ್ ಕೂಡ ತಕ್ಷಣ ಮುಗಿಯುತ್ತದೆ. ಫೈಲ್ ಸಿಸ್ಟಂ ಬೇರೆಯಾದರೆ ಲಿನಕ್ಸ್‌ನ ತಿರುಳಾದ ಕರ್ನಲ್ ರೀನೇಮ್ ಮಾಡಲು ಒಪ್ಪುವುದಿಲ್ಲ. ಇಎಕ್ಸ್‌ಡೆವ್ ಎಂಬ ಎರರ್ ಕೊಡುತ್ತದೆ, ಅದರ ನಂಬರ್ 18. ಆಗ ಟೂಲ್ ತಾನೇ ಕಾಪಿ ಮಾಡಿ, ಆಮೇಲೆ ಮೂಲ ಫೈಲ್ ಅಳಿಸಬೇಕು. ಲಿನಕ್ಸ್‌ನ ಎಂವಿ ಕಮಾಂಡ್ ಮಾಡುವುದೂ ಇದನ್ನೇ. ನಿಮ್ಮ ಟೆಸ್ಟ್‌ಗಳು ಈ ದಾರಿಗೆ ಬಂದೇ ಇಲ್ಲ.

ಎರಡನೇ ಫೈಲ್ ಸಿಸ್ಟಂಗೆ ಪೆನ್ ಡ್ರೈವ್ ಚುಚ್ಚಬೇಕಿಲ್ಲ. ಟ್ರಂಕೇಟ್ ಕಮಾಂಡ್‌ನಿಂದ 10 ಎಂಬಿಯ ಒಂದು ಖಾಲಿ ಫೈಲ್ ಮಾಡಿ, ಅದನ್ನು ಫ್ಯಾಟ್ (ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯ) ಅಥವಾ ಇಎಕ್ಸ್‌ಟಿ4 (ಲಿನಕ್ಸ್‌ನಲ್ಲಿ ಸಾಮಾನ್ಯ) ಫೈಲ್ ಸಿಸ್ಟಂ ಆಗಿ ಫಾರ್ಮ್ಯಾಟ್ ಮಾಡಿ, ಫೈಲನ್ನೇ ಡಿಸ್ಕ್‌ನಂತೆ ತೋರಿಸುವ ಲೂಪ್ ಆಪ್ಷನ್ ಕೊಟ್ಟು ಮೌಂಟ್ ಮಾಡಿ, ಅಂದರೆ ಒಂದು ಫೋಲ್ಡರ್‌ಗೆ ಜೋಡಿಸಿ. ರೂಟ್ (ಅಡ್ಮಿನ್) ಅನುಮತಿ ಇಲ್ಲದಿದ್ದರೆ, ಸಾಮಾನ್ಯವಾಗಿ ಮೊದಲೇ ಮೌಂಟ್ ಆಗಿರುವ /dev/shm ನಂಥ ಟಿಎಂಪಿಎಫ್‌ಎಸ್, ಅಂದರೆ ಮೆಮೊರಿಯಲ್ಲಿರುವ ಫೈಲ್ ಸಿಸ್ಟಂ, ಸಾಕು. ಟೆಸ್ಟ್ ಶುರುವಾಗುವಾಗ ಎರಡೂ ಫೋಲ್ಡರ್‌ಗಳ ಡಿವೈಸ್ ನಂಬರ್ (ಅವು ಯಾವ ಫೈಲ್ ಸಿಸ್ಟಂನಲ್ಲಿವೆ ಎಂದು ಹೇಳುವ ನಂಬರ್) ಬೇರೆ ಇದೆಯಾ ಎಂದು ನೋಡಿ. ಒಂದೇ ಇದ್ದರೆ ಟೆಸ್ಟ್ ಫೇಲ್ ಆಗಲಿ, ಸುಮ್ನೆ ಸ್ಕಿಪ್ ಆಗುವುದು ಬೇಡ. ಆದರೆ ಟೂಲ್ ಒಳಗೆ ಈ ನಂಬರ್ ನೋಡಿ ತೀರ್ಮಾನ ಮಾಡಬೇಡಿ. ಒಂದೇ ಫೈಲ್ ಸಿಸ್ಟಂ ಎರಡು ಕಡೆ ಮೌಂಟ್ ಆಗಿದ್ದರೂ ಆ ಮೌಂಟ್‌ಗಳ ನಡುವೆ ರೀನೇಮ್ ಆಗುವುದಿಲ್ಲ. ಮೊದಲು ರೀನೇಮ್ ಪ್ರಯತ್ನಿಸಿ, ಇಎಕ್ಸ್‌ಡೆವ್ ಬಂದರೆ ಕಾಪಿಗೆ ಇಳಿಯುವುದೇ ಸರಿ.

ಮೂವ್ ಆಯಿತಾ ಎಂಬುದಕ್ಕಿಂತ, ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದನ್ನು ಜಾಸ್ತಿ ಪರೀಕ್ಷಿಸಿ. ಬೇರೆಯವರ ಫೈಲ್ ಅಳಿಸುವ ಟೂಲ್ ಇದು. ಯಾವ ಕ್ಷಣದಲ್ಲಿ ನಿಂತರೂ ಒಂದು ಪೂರ್ತಿ ಪ್ರತಿ ಎಲ್ಲೋ ಒಂದು ಕಡೆ ಇರಲೇಬೇಕು. 10 ಎಂಬಿ ಜಾಗಕ್ಕೆ 20 ಎಂಬಿ ಫೈಲ್ ಕಳಿಸಿ. ಮೂಲ ಫೈಲ್ ಹಾಗೇ ಇರಬೇಕು, ಆ ಕಡೆ ಅರೆಬರೆ ಫೈಲ್ ಉಳಿದಿರಬಾರದು, ಅದೇ ಹೆಸರಿನ ಹಳೇ ಫೈಲ್ ಇದ್ದರೆ ಅದಕ್ಕೂ ಏನೂ ಆಗಿರಬಾರದು, ಎಕ್ಸಿಟ್ ಕೋಡ್ ಸೊನ್ನೆ (ಅಂದರೆ ಯಶಸ್ವಿ) ಆಗಿರಬಾರದು. ಇದು ಸಾಧ್ಯವಾಗಬೇಕಾದರೆ ಟೂಲ್ ಮೊದಲು ತಾತ್ಕಾಲಿಕ ಹೆಸರಿಗೆ ಕಾಪಿ ಮಾಡಬೇಕು, ಎಫ್‌ಸಿಂಕ್ ಮಾಡಬೇಕು (ಡೇಟಾ ನಿಜವಾಗಿ ಡಿಸ್ಕ್‌ಗೆ ಬರೆಯುವಂತೆ ಕರ್ನಲ್‌ಗೆ ಹೇಳಬೇಕು), ಅಲ್ಲೇ ನಿಜ ಹೆಸರಿಗೆ ರೀನೇಮ್ ಮಾಡಿ ಆ ಫೋಲ್ಡರನ್ನೂ ಎಫ್‌ಸಿಂಕ್ ಮಾಡಬೇಕು, ಕೊನೆಗೆ ಮೂಲವನ್ನು ಅಳಿಸಬೇಕು. ಕಾಪಿ ನಡೆಯುವಾಗ ಕಿಲ್ ಮೈನಸ್ 9 ಕೊಟ್ಟು ಟೂಲನ್ನು ತಕ್ಷಣ ಕೊಂದು ನೋಡುವುದೂ ಒಳ್ಳೆಯದು. ಆದರೆ ಕರೆಂಟ್ ಹೋದರೆ ಏನಾಗುತ್ತದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಪ್ರೋಗ್ರಾಂ ಸತ್ತರೂ ಅದು ಬರೆದ ಡೇಟಾ ಕರ್ನಲ್ ಹತ್ತಿರ ಇರುತ್ತದೆ ಅಲ್ವಾ? ಅಳಿಸುವ ಮೊದಲೇ ಎಫ್‌ಸಿಂಕ್ ಆಗುತ್ತಿದೆಯಾ ಎಂದು, ಪ್ರೋಗ್ರಾಂ ಕರ್ನಲ್‌ಗೆ ಕೊಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್‌ನಲ್ಲಿ ನೋಡಿ.

ಫೈಲ್ ತಲುಪಿದರೂ ಅದರ ಜೊತೆಗಿನ ವಿವರಗಳು ಉಳಿಯದೇ ಇರಬಹುದು. ಫ್ಯಾಟ್‌ನಲ್ಲಿ ಓನರ್, ಪರ್ಮಿಷನ್, ಸಿಂಬಾಲಿಕ್ ಲಿಂಕ್ (ಬೇರೆ ಫೈಲ್‌ನತ್ತ ತೋರಿಸುವ ಫೈಲ್) ಇಲ್ಲ. ಬದಲಾವಣೆಯ ಸಮಯ 2 ಸೆಕೆಂಡ್ ಲೆಕ್ಕದಲ್ಲಿ ದಾಖಲಾಗುತ್ತದೆ, ಹಾಗಾಗಿ ಸಮಯ ಹೋಲಿಸುವ ಟೆಸ್ಟ್‌ನಲ್ಲಿ ಅಷ್ಟು ಸಡಿಲ ಬಿಡಿ. ಫ್ಯಾಟ್32ರಲ್ಲಿ 4 ಜಿಬಿ ಫೈಲ್ ಹಿಡಿಸುವುದಿಲ್ಲ, ಮಿತಿ ಅದಕ್ಕಿಂತ ಒಂದು ಬೈಟ್ ಕಡಿಮೆ. ಹೆಸರಿನ ಉದ್ದವನ್ನಂತೂ ಕನ್ನಡದಲ್ಲೇ ಪರೀಕ್ಷಿಸಿ. ಇಎಕ್ಸ್‌ಟಿ4ರಲ್ಲಿ ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ 3 ಬೈಟ್ ಬೇಕು, ಅಂದರೆ 85 ಚಿಹ್ನೆಗೆ ಮುಗಿಯಿತು. ಫ್ಯಾಟ್‌ನ ಉದ್ದ ಹೆಸರುಗಳ ಮಿತಿ 255 ಯುಟಿಎಫ್-16 ಯೂನಿಟ್, ಕನ್ನಡದ ಒಂದು ಚಿಹ್ನೆಗೆ ಒಂದೇ ಯೂನಿಟ್ ಸಾಕು. ಅಲ್ಲಿ ಆರಾಮಾಗಿ ಕೂತ 100 ಚಿಹ್ನೆಯ ಕನ್ನಡ ಹೆಸರು ಇಎಕ್ಸ್‌ಟಿ4ಗೆ ಬರುವಾಗ ಫೇಲ್ ಆಗುತ್ತದೆ. ಆಗಲೂ ಮೂಲ ಫೈಲ್ ಪೆನ್ ಡ್ರೈವ್‌ನಲ್ಲಿ ಹಾಗೇ ಇದೆಯಾ ಎಂದು ನಿಮ್ಮ ಟೆಸ್ಟ್ ನೋಡಬೇಕು.