ಹೊಲಿಗೆ ಮಾಯ್ದ ಮೇಲೂ ಒಳಗೆ ಉಳಿಯುವ ಅಂಟು

ಅಪೆಂಡಿಕ್ಸ್ ತೆಗೆಸಿಕೊಂಡು ಹತ್ತು ವರ್ಷವಾಗಿರುತ್ತದೆ. ಹೊಟ್ಟೆಯ ಮೇಲಿನ ಗೆರೆಯೂ ಮಾಸಿರುತ್ತದೆ. ಒಂದು ರಾತ್ರಿ ಇದ್ದಕ್ಕಿದ್ದಂತೆ ಕರುಳು ಹಿಂಡುವಂಥ ನೋವು, ಹಸಿರು ವಾಂತಿ, ಹೊಟ್ಟೆಯುಬ್ಬರ, ಗಾಳಿಯೂ ಹೋಗುವುದಿಲ್ಲ. ಇದಕ್ಕೂ ಹಳೆಯ ಆಪರೇಷನ್ನಿಗೂ ನಂಟಿದೆಯೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ಸಣ್ಣ ಕರುಳು ಕಟ್ಟಿಕೊಳ್ಳುವುದಕ್ಕೆ ಅತಿ ಸಾಮಾನ್ಯ ಕಾರಣವೇ ಹಿಂದಿನ ಶಸ್ತ್ರಚಿಕಿತ್ಸೆ ಬಿಟ್ಟುಹೋದ ಅಂಟಿಕೆ, ಅಂದರೆ ಕರುಳಿನ ಸುರುಳಿಗಳನ್ನು ಒಂದಕ್ಕೊಂದು ಇಲ್ಲವೇ ಹೊಟ್ಟೆಯ ಗೋಡೆಗೆ ಅಂಟಿಸುವ ಗಾಯದ ಎಳೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗಲೇ ಈ ಮಾತನ್ನು ರೋಗಿಗೆ ಹೇಳಬೇಕು.

ಹೊಟ್ಟೆಯ ಒಳಗೋಡೆಗೂ ಕರುಳಿನ ಹೊರಮೈಗೂ ಪೆರಿಟೋನಿಯಂ ಎಂಬ ಪೊರೆಯ ಹೊದಿಕೆಯಿದೆ. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ನಮ್ಮ ಚರ್ಮದಷ್ಟೇ ಅಗಲ. ಮೇಲ್ಪದರದಲ್ಲಿರುವುದು ಒಂದೇ ಸಾಲು ಜೀವಕೋಶಗಳು. ಅಲ್ಲಿ ಒಸರುವ ತೆಳು ದ್ರವದಿಂದಾಗಿ ಕರುಳಿನ ಸುರುಳಿಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಒಣ ಗಾಜ್ ಬಟ್ಟೆಯಿಂದ ಒಮ್ಮೆ ಒರೆಸಿದರೂ ಕಿತ್ತುಬರುವಷ್ಟು ನಾಜೂಕು ಈ ಪದರ. ದೀಪದ ಕೆಳಗೆ ತೆರೆದಿಟ್ಟ ಕರುಳು ಒಣಗಿದರೂ ಅದಕ್ಕೆ ಪೆಟ್ಟೇ.

ಕಿತ್ತ ಜಾಗದಲ್ಲಿ ಕೆಲವೇ ಗಂಟೆಗಳಲ್ಲಿ ಫೈಬ್ರಿನ್ ಜಾಲ ಕಟ್ಟುತ್ತದೆ. ಮೊಣಕಾಲು ತರಚಿದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಪ್ರೋಟೀನೂ ಇದೇ. ಅದನ್ನು ಕರಗಿಸುವ ಪ್ಲಾಸ್ಮಿನ್ ಕಿಣ್ವವೂ ದೇಹದಲ್ಲೇ ಇದೆ, ಆದರೆ ಉರಿಯೂತ ಮತ್ತು ಆ ಜಾಗಕ್ಕೆ ರಕ್ತ ಹರಿವಿನ ಕೊರತೆ ಅದರ ಕೈ ಕಟ್ಟಿಹಾಕುತ್ತವೆ. ಮೊದಲ ಕೆಲವು ದಿನಗಳಲ್ಲಿ ಜಾಲ ಕರಗಿದರೆ ಸರಿ. ಉಳಿದರೆ ಫೈಬ್ರೊಬ್ಲಾಸ್ಟ್ ಕೋಶಗಳು ಬಂದು ಕೊಲಾಜನ್ ಎಂಬ ಗಟ್ಟಿ ನಾರು ನೇಯುತ್ತವೆ, ರಕ್ತನಾಳ ಬೆಳೆಯುತ್ತದೆ. ಜೇಡರ ಬಲೆಯಂತಿದ್ದದ್ದು ಹಗ್ಗವಾಗುತ್ತದೆ.

ತಡೆಯುವ ಕೆಲಸ ಬಹುಪಾಲು ಶಸ್ತ್ರವೈದ್ಯರ ಬೆರಳುಗಳದ್ದು: ಕರುಳನ್ನು ಎಳೆದಾಡದೆ ಹಿಡಿಯುವುದು, ಸಲೈನಿನಲ್ಲಿ ತೋಯಿಸಿದ ಬಟ್ಟೆ ಹೊದಿಸುವುದು, ಹೊಟ್ಟೆಯೊಳಗೆ ರಕ್ತ ಉಳಿಯದಂತೆ ನೋಡಿಕೊಳ್ಳುವುದು. ಗ್ಲೌಸಿನ ಪುಡಿಯ ಕಣಗಳೂ ಅಂಟಿಕೆಗೆ ಬೀಜವಾಗುತ್ತವೆ. ಅಮೆರಿಕ 2017ರಲ್ಲಿ ಪುಡಿ ಹಚ್ಚಿದ ಗ್ಲೌಸನ್ನೇ ನಿಷೇಧಿಸಿತು. ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಅಂಟಿಕೆ ಕಡಿಮೆ.

ಇದರ ಜೊತೆಗೆ ತಡೆಪೊರೆಗಳಿವೆ. ಹಯಲುರೋನಿಕ್ ಆಮ್ಲ ಮತ್ತು ಮಾರ್ಪಡಿಸಿದ ಸೆಲ್ಯುಲೋಸ್‌ನಿಂದ ಮಾಡಿದ ಒಂದು ಪೊರೆ ನೋಡಲು ತೆಳು ಕಾಗದದ ಹಾಗೆ. ಒಣಗಿದ್ದರೆ ಮುರಿಯುತ್ತದೆ, ಒದ್ದೆ ಬೆರಳು ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತದೆ. ಗಾಯದ ಮೇಲೆ ಹಾಸಿದರೆ ಒಂದೆರಡು ದಿನದಲ್ಲಿ ಜೆಲ್ ಆಗಿ, ಪದರ ಮತ್ತೆ ಬೆಳೆಯಲು ಬೇಕಾದ ಸುಮಾರು ಒಂದು ವಾರ ಎರಡು ಮೈಗಳ ನಡುವೆ ನಿಂತು, ಆಮೇಲೆ ಕರಗಿಹೋಗುತ್ತದೆ. ಅಂಟಿಕೆಯನ್ನು ಇದು ತಗ್ಗಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಹೊಸದಾಗಿ ಜೋಡಿಸಿದ ಕರುಳಿನ ಹೊಲಿಗೆಗೆ ಸುತ್ತಿದರೆ ಸೋರಿಕೆಯ ಅಪಾಯವೂ ಉಂಟು.

ಕಟ್ಟಿಕೊಂಡ ಅಂಟನ್ನು ಬಿಡಿಸಲು ಮತ್ತೆ ಹೊಟ್ಟೆ ಕೊಯ್ದರೆ ಅದೇ ಪದರ ಇನ್ನೊಮ್ಮೆ ಕಿತ್ತುಬರುತ್ತದೆ. ಕರುಳಿನ ರಕ್ತಸಂಚಾರಕ್ಕೆ ತೊಂದರೆಯಿಲ್ಲದಿದ್ದರೆ ವೈದ್ಯರು ಮೊದಲು ಮೂಗಿನ ನಳಿಕೆ, ಡ್ರಿಪ್‌ಗಳಲ್ಲೇ ಕಾದುನೋಡುವುದು ಅದಕ್ಕಾಗಿಯೇ. ಆ ರಾತ್ರಿ ತುರ್ತು ವಿಭಾಗಕ್ಕೆ ಹೋದವರು ಹತ್ತು ವರ್ಷದ ಹಿಂದಿನ ಗಾಯದ ಗೆರೆಯನ್ನು ಕೇಳುವ ಮೊದಲೇ ತೋರಿಸಲಿ.