ಹನಿಸಕಲ್: ಕುಂಡದಲ್ಲಿ ಚೆಂದ, ನೆಲದಲ್ಲಿ ಹುಷಾರು

ಪುಣೆಯ ಕನ್ನಡದವರ ಟೆರೇಸ್ ಅಂದರೆ ಕರಿಬೇವು, ದೊಡ್ಡಪತ್ರೆ, ಬಸಳೆ ಇದ್ದದ್ದೇ. ಪರ್ಮಾಕಲ್ಚರ್, ಅಂದರೆ ನಿಸರ್ಗದ ರೀತಿ ನೋಡಿ ತೋಟ ಕಟ್ಟುವ ಪದ್ಧತಿಯ ರುಚಿ ಹತ್ತಿದವರು ಹನಿಸಕಲ್ ಅನ್ನುವ ಹೂಬಳ್ಳಿ ಕೂಡ ಹಾಕೋಣವಾ ಅಂತ ಕೇಳುತ್ತಾರೆ. ನರ್ಸರಿಯಲ್ಲಿ ಸ್ವಲ್ಪ ನೋಡಿ ತನ್ನಿ. ಹೂ ಬಿಳಿಯಿಂದ ಗುಲಾಬಿಗೆ, ಆಮೇಲೆ ಕೆಂಪಿಗೆ ತಿರುಗಿದರೆ ಅದು ಮಧುಮಾಲತಿ, ಬೇರೆಯೇ ಕುಟುಂಬದ ಬಳ್ಳಿ. ಬಿಳಿಯಿಂದ ಹಳದಿಗೆ ತಿರುಗುವುದು ಜಪಾನಿ ಹನಿಸಕಲ್, ಲೋನಿಸೆರಾ ಜಪೋನಿಕಾ. ಇಲ್ಲಿನ ಮಾತೆಲ್ಲ ಇದರದ್ದೇ.

1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಪರ್ಮಾಕಲ್ಚರ್ ರೂಪಿಸಿದರು. ಅಲ್ಲಿ ಒಂದೊಂದು ಗಿಡವೂ ಎರಡು ಮೂರು ಕೆಲಸ ಮಾಡಬೇಕು. ಹನಿಸಕಲ್ ಮಾಡುತ್ತದೆ. ಜಾಲಿಗೆ ಹಬ್ಬಿಸಿದರೆ ಪಶ್ಚಿಮದ ಗೋಡೆಗೆ ಏಪ್ರಿಲ್ ಬಿಸಿಲಲ್ಲಿ ನೆರಳು. ಚೀನಾದಲ್ಲಿ ಇದರ ಮೊಗ್ಗು ಹಳೆಯ ಔಷಧ. ಆದರೆ ಇದರ ನಿಜವಾದ ಸೊಗಸು ಕತ್ತಲಾದ ಮೇಲೆ. ಹೂ ಸಂಜೆಗೆ ಅರಳುತ್ತದೆ, ಪರಿಮಳ ರಾತ್ರಿಯೇ ಜಾಸ್ತಿ. ಕೊಳವೆ ಉದ್ದವಾದ್ದರಿಂದ ತಳದ ಮಕರಂದ ಜೇನುನೊಣದ ನಾಲಿಗೆಗೆ ಸುಲಭವಾಗಿ ಸಿಗುವುದಿಲ್ಲ. ಉದ್ದ ಹೀರುಗೊಳವೆಯ ಹಾಕ್ ಪತಂಗಗಳು ಗಾಳಿಯಲ್ಲೇ ನಿಂತು ಹೀರುತ್ತವೆ. ಜೇನುನೊಣ ಹಗಲಲ್ಲಿ ಬಂದು ಪರಾಗ ಒಯ್ಯುತ್ತದೆ. ಒಂದೆರಡು ದಿನದಲ್ಲಿ ಹೂ ಹಳದಿಯಾಗುತ್ತದೆ.

ಇನ್ನು ತಿನ್ನುವ ವಿಷಯ. ಕಪ್ಪು ಹಣ್ಣು ತಿನ್ನುವಂಥದ್ದಲ್ಲ, ಮಕ್ಕಳಿದ್ದ ಮನೆಯಲ್ಲಿ ಗಮನವಿರಲಿ. ತಿನ್ನುವ ಹನಿಸಕಲ್ ಅಂದರೆ ನೀಲಿ ಹಣ್ಣಿನ ಹ್ಯಾಸ್ಕಾಪ್. ಅದಕ್ಕೆ ಕೊರೆಯುವ ಚಳಿಗಾಲ ಬೇಕು, ಪುಣೆಯಲ್ಲಿ ಆಸೆ ಬಿಡಿ. ಅವರೆಬಳ್ಳಿಯ ಹಾಗೆ ಮಣ್ಣಿಗೆ ಸಾರಜನಕ ಸೇರಿಸುವ ಗುಣವೂ ಜಪಾನಿ ಹನಿಸಕಲ್‌ಗಿಲ್ಲ.

ದೊಡ್ಡ ತಕರಾರು ಬೇರೆ ಇದೆ. 1806ರಲ್ಲಿ ಈ ಬಳ್ಳಿ ಅಮೆರಿಕದ ಲಾಂಗ್ ಐಲೆಂಡ್‌ಗೆ ಬಂತು. ಚೆಂದಕ್ಕೆಂದು ನೆಟ್ಟರು, ಮಣ್ಣು ಕೊಚ್ಚಿ ಹೋಗದಿರಲೆಂದು ರಸ್ತೆ ಬದಿಯ ಇಳಿಜಾರಿಗೂ ಹಾಕಿದರು. ಈಗ ಪೂರ್ವ ಅಮೆರಿಕದ ಕಾಡುಗಳಲ್ಲಿ ಅದು ದೊಡ್ಡ ಕಳೆ. ಎಳೆ ಮರಗಳಿಗೆ ಬಿಗಿಯಾಗಿ ಸುತ್ತಿ ಉಸಿರು ಕಟ್ಟಿಸುತ್ತದೆ. ನೆಲ ಮುಟ್ಟಿದ ಗೆಣ್ಣಲ್ಲೆಲ್ಲ ಬೇರು ಬಿಡುತ್ತದೆ. ಹಕ್ಕಿ ಹಣ್ಣು ತಿಂದು ಬೀಜ ದೂರಕ್ಕೆ ಒಯ್ಯುತ್ತದೆ. ಚಳಿಗೆ ಊರಿನ ಮರಗಳು ಬೋಳಾದಾಗಲೂ ಬೆಚ್ಚಗಿನ ಕಡೆ ಇದರ ಎಲೆ ಹಸಿರು. ಬೇರೆಯವರು ಮಲಗಿದಾಗ ಇದು ಬಿಸಿಲು ಉಣ್ಣುತ್ತದೆ!

ಪುಣೆಯ ಸುತ್ತಲಿನ ಕಾಡೂ ಬೇಸಿಗೆಯಲ್ಲಿ ಎಲೆ ಉದುರಿಸುವಂಥದ್ದು. ಹನಿಸಕಲ್ ಇಲ್ಲೂ ಹಾಗೇ ಮಾಡಿಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಪುಣೆಯ ವೇತಾಳ ಟೇಕಡಿ ಗುಡ್ಡಕ್ಕೆ ಹೋದವರು ಗ್ಲಿರಿಸಿಡಿಯಾ ನೋಡಿರುತ್ತೀರಿ ಅಲ್ವಾ? ಮಧ್ಯ ಅಮೆರಿಕದ ಆ ಮರವನ್ನು ಬೋಳುಗುಡ್ಡ ಹಸಿರಾಗಲಿ ಅಂತಲೇ ನೆಟ್ಟಿದ್ದು. ಈಗ ಕಣ್ಣು ಹಾಯಿಸಿದ ಕಡೆ ಅದೇ.

ಹಾಗಾಗಿ ಟೆರೇಸಿನಲ್ಲಿ ದೊಡ್ಡ ಕುಂಡವಾದರೆ ಧಾರಾಳವಾಗಿ ಬೆಳೆಸಿ. ಪುಣೆ ಹೊರಗೆ ಕಾಡಿನ ಹತ್ತಿರ, ಮುಳಶಿ, ಪಾನಶೇತ್ ಕಡೆ ತೋಟ ಮಾಡಿದವರು ನೆಲಕ್ಕೆ ಹಾಕದಿರುವುದೇ ಒಳ್ಳೆಯದು. ಚಪ್ಪರ ಬೇಕಿದ್ದರೆ ಬಸಳೆ ಇದೆ, ಅವರೆ ಇದೆ. ನೆರಳೂ ಸಿಗುತ್ತದೆ, ಹುಳಿಯೂ ಆಗುತ್ತದೆ. ಕುಂಡದ ಬಳ್ಳಿಯನ್ನು ಹೂ ಮುಗಿದ ಕೂಡಲೇ, ಹಣ್ಣು ಕಟ್ಟುವ ಮೊದಲು ಕತ್ತರಿಸಿ. ಕತ್ತರಿಸಿದ್ದನ್ನು ಹಸಿಯಾಗಿ ಗೊಬ್ಬರದ ಗುಂಡಿಗೆ ಹಾಕಬೇಡಿ, ಚಿಗುರಿಬಿಡುತ್ತದೆ. ಮೊದಲು ಬಿಸಿಲಲ್ಲಿ ಗರಿಗರಿಯಾಗಿ ಒಣಗಲಿ.